ಕೆಜಿಎಫ್‌ನ ಸಯನೈಡ್ ಗುಡ್ಡಗಳನ್ನು ಏನು ಮಾಡುವುದು?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಎಂದು ಒಂದೊಂದು ನಿಲ್ದಾಣದಲ್ಲೂ ಜನ ಟಿಫಿನ್ ಡಬ್ಬಿ ಹಿಡಿದು ಹತ್ತುತ್ತಾರೆ. ಬಂಗಾರಪೇಟೆ ದಾಟಿ ಬೆಂಗಳೂರು ಸೇರಿ, ದುಡಿದು, ರಾತ್ರಿ ಅದೇ ದಾರಿಯಲ್ಲಿ ವಾಪಸಾಗುತ್ತಾರೆ. ಹಿಂದೆ ಚಿನ್ನದ ಗಣಿಯಲ್ಲಿ ಕೆಲಸ ಹುಡುಕಿಕೊಂಡು ಜನ ಬರುತ್ತಿದ್ದ ಊರಿದು, ಕೆಜಿಎಫ್ ಅಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್. ಈಗ ಕೆಲಸಕ್ಕಾಗಿ ದಿನವೂ ಖಾಲಿಯಾಗುತ್ತದೆ.

ಊರಿನ ಪಕ್ಕದಲ್ಲೇ, ಚಿನ್ನ ತೆಗೆದು ಮಿಕ್ಕ ಕಲ್ಲಿನ ಪುಡಿಯ ಬೂದು ಬಣ್ಣದ ಗುಡ್ಡಗಳಿವೆ. ನೆತ್ತಿ ಚಪ್ಪಟೆ, ಮೈತುಂಬ ಮಳೆನೀರು ಕೊರೆದ ಸೀಳುಗಳು, ಹಸಿರು ಅಲ್ಲೊಂದು ಇಲ್ಲೊಂದು. ಹೊರಗಿನವರಿಗೆ ಇದು ಸಿನಿಮಾ ಶೂಟಿಂಗಿನ ಜಾಗ, ಊರಿನವರಿಗೆ ಸಯನೈಡ್ ಗುಡ್ಡ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ರೈಲು ಇರುವ, ರಸ್ತೆ ಇರುವ, ಕೆಲಸ ಬಲ್ಲ ಜನರಿರುವ ಕಡೆ ಸಾವಿರಾರು ಎಕರೆ ಜಾಗ ಗಣಿ ಮುಚ್ಚಿದ 2001ರಿಂದ ಹೀಗೇ ಬಿದ್ದಿದೆ. ಬೆಂಗಳೂರಿನ ಸುತ್ತ ಗೇಣು ಜಾಗಕ್ಕೂ ಕಿತ್ತಾಟವಿರುವಾಗ ಇಲ್ಲಿಗೆ ಯಾಕೆ ಯಾರೂ ಬರುತ್ತಿಲ್ಲ?

ಜಾಗ ವಿಷವಾಗಿದೆ, ಅದಕ್ಕೇ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಆದರೆ ಹಳೆಯ ಕೈಗಾರಿಕಾ ಜಾಗವೊಂದು ಮತ್ತೆ ಬಳಕೆಗೆ ಬರುವುದೋ ಇಲ್ಲವೋ ಎಂಬುದನ್ನು ವಿಷದ ಪ್ರಮಾಣವೊಂದೇ ತೀರ್ಮಾನಿಸುವುದಿಲ್ಲ. ಆ ವಿಷಕ್ಕೆ ವಾರಸುದಾರ ಯಾರು, ಆ ನೆಲದಲ್ಲಿ ನಾಳೆ ಏನು ಬರಬೇಕು ಎಂಬ ಎರಡು ಪ್ರಶ್ನೆಗಳ ಮೇಲೆ ಹೆಚ್ಚು ನಿಂತಿರುತ್ತದೆ. ಇವೆರಡಕ್ಕೂ ಉತ್ತರ ಸಿಗದ ಕಡೆ ಎಷ್ಟು ಒಳ್ಳೆಯ ತಂತ್ರಜ್ಞಾನವಿದ್ದರೂ ಗುಡ್ಡ ಅಲ್ಲಾಡುವುದಿಲ್ಲ.

ಗುಡ್ಡ ಬೆಳೆದದ್ದು

ಚಿನ್ನದ ಗಣಿ ಎಂದರೆ ಗೋಡೆಯಲ್ಲಿ ಚಿನ್ನದ ಗೆರೆ ಮಿನುಗುವ ಚಿತ್ರ ನಮ್ಮ ತಲೆಯಲ್ಲಿದೆ. ವಾಸ್ತವದಲ್ಲಿ ಒಂದು ಟನ್ ಕಲ್ಲನ್ನು ಹಿಟ್ಟಿನ ಹಾಗೆ ಅರೆದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಮಿಕ್ಕಿದ್ದೆಲ್ಲ ಪುಡಿ. ಗಿರಣಿಗೆ ಒಂದು ಟನ್ ಹೋದರೆ ಹಿತ್ತಲಿಗೆ ಹೆಚ್ಚುಕಡಿಮೆ ಒಂದು ಟನ್ ಬಂತು ಎಂದೇ ಲೆಕ್ಕ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದಾಗ ಅರೆದ ಕಲ್ಲಿನಿಂದ ಚಿನ್ನ ಹಿಡಿಯಲು ಇದ್ದ ಉಪಾಯ ಪಾದರಸ. ಅದು ಚಿನ್ನದ ಕಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಆದರೆ ತೀರಾ ಸಣ್ಣ ಕಣಗಳು ತಪ್ಪಿಸಿಕೊಳ್ಳುತ್ತವೆ. 1887ರಲ್ಲಿ ಗ್ಲಾಸ್ಗೋದಲ್ಲಿ ಸಯನೈಡ್ ವಿಧಾನಕ್ಕೆ ಪೇಟೆಂಟ್ ಸಿಕ್ಕಿತು: ಸಯನೈಡ್ ಬೆರೆಸಿದ ತೆಳು ದ್ರಾವಣದಲ್ಲಿ ಚಿನ್ನ ಕರಗುತ್ತದೆ, ಆಮೇಲೆ ಅದನ್ನು ಬೇರ್ಪಡಿಸಬಹುದು. ಜಗತ್ತಿನ ಚಿನ್ನದ ಗಣಿಗಳ ಹಣೆಬರಹವನ್ನೇ ಬದಲಿಸಿದ ಈ ವಿಧಾನ ಕೋಲಾರಕ್ಕೂ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿಯಿತು, ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಹೊರಬಂದಿದ್ದ ಚಿನ್ನ ಸುಮಾರು 800 ಟನ್. ಮೇಲೆ ಉಳಿದ ಪುಡಿ ಸುಮಾರು 3.3 ಕೋಟಿ ಟನ್, 13 ಗುಡ್ಡಗಳಾಗಿ.

ಇನ್ನು ಸಯನೈಡ್ ವಿಷಯ. ಹೆಸರು ಕೇಳಿದರೇ ಎದೆ ಝಲ್ಲೆನ್ನುತ್ತದೆ. ಆದರೆ ರಸಾಯನಶಾಸ್ತ್ರದ ದೃಷ್ಟಿಯಿಂದ ಸಯನೈಡ್ ದೀರ್ಘಾಯುಷಿಯಲ್ಲ. ಗಿರಣಿಯೊಳಗೆ ಸುಣ್ಣ ಹಾಕಿ ದ್ರಾವಣವನ್ನು ಕ್ಷಾರವಾಗಿ ಇಟ್ಟಿರುತ್ತಾರೆ, ಸಯನೈಡ್ ಆವಿಯಾಗದಿರಲಿ ಎಂದು. ಹೊರಗೆ ಸುರಿದ ಮೇಲೆ ಆ ಕಾವಲು ಹೋಗುತ್ತದೆ. ಗಾಳಿ, ಮಳೆ ತಾಗಿ ಕ್ಷಾರ ತಗ್ಗುತ್ತದೆ, ಸಯನೈಡಿನ ಬಹುಭಾಗ ಆವಿಯಾಗಿ ಹಾರಿಹೋಗುತ್ತದೆ, ಇನ್ನಷ್ಟನ್ನು ಬಿಸಿಲು ಒಡೆಯುತ್ತದೆ. ಕಬ್ಬಿಣದ ಜೊತೆ ಬಿಗಿಯಾಗಿ ಕೂಡಿಕೊಂಡ ಒಂದು ಪಾಲು, ಬಿಸಿಲು ತಲುಪದ ಗುಡ್ಡದ ಒಡಲಲ್ಲಿ ಸಿಕ್ಕಿಕೊಂಡ ಒಂದು ಪಾಲು ಮಾತ್ರ ಬಹುಕಾಲ ಉಳಿಯಬಲ್ಲದು.

ಗುಡ್ಡಕ್ಕೆ ಹೆಸರು ಕೊಟ್ಟ ವಿಷಕ್ಕಿಂತ ಹೆಸರಿಲ್ಲದ ಸಂಗತಿಗಳೇ ಈಗ ಹೆಚ್ಚು ಚಿಂತೆಯವು. ಮೊದಲನೆಯದು ಕಲ್ಲಿನ ಹಿಟ್ಟು. ಚಿನ್ನವಿದ್ದದ್ದು ಬಿಳಿಕಲ್ಲಿನಲ್ಲಿ, ಅಂದರೆ ಸಿಲಿಕಾದಲ್ಲಿ. ಅದರ ಅತಿ ನುಣುಪಾದ ಧೂಳು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂತು ಗಾಯ ಮಾಡುತ್ತದೆ. ಗಣಿ ಕಾರ್ಮಿಕರನ್ನು ತಲೆಮಾರುಗಳಿಂದ ಕೊಂದ ಸಿಲಿಕೋಸಿಸ್ ಬರುವುದು ಇದರಿಂದಲೇ. ಎರಡನೆಯದು ಚಿನ್ನದ ಅದಿರಿನ ಜೊತೆಗೇ ಬರುವ ಆರ್ಸೆನಿಕ್, ಸೀಸದಂಥ ಧಾತುಗಳು. ಇವಕ್ಕೆ ಬಿಸಿಲೂ ಒಂದೇ, ಕಾಲವೂ ಒಂದೇ. ಒಡೆಯುವುದಿಲ್ಲ, ಜಾಗ ಬದಲಿಸುತ್ತವೆ ಅಷ್ಟೆ. ಮೂರನೆಯದನ್ನು ಗುಡ್ಡದಲ್ಲಿ ಹುಡುಕಬಾರದು, ಹಳೆಯ ಗಿರಣಿಗಳು ನಿಂತಿದ್ದ ನೆಲದಡಿ ಹುಡುಕಬೇಕು: ಪಾದರಸ ಬಳಸುತ್ತಿದ್ದ ಕಾಲದಲ್ಲಿ ಚೆಲ್ಲಿದ್ದು, ಸೋರಿದ್ದು. ಇಂಥ ಕಡೆ ಕೆಲಸ ಆರಂಭವಾಗುವುದು ಲ್ಯಾಬಿನಲ್ಲಲ್ಲ, ಹಳೆಯ ನಕ್ಷೆಗಳಲ್ಲಿ, ನಿವೃತ್ತ ಕಾರ್ಮಿಕರ ನೆನಪಿನಲ್ಲಿ. ಗಿರಣಿ ಎಲ್ಲಿತ್ತು, ಎಣ್ಣೆಯ ಟ್ಯಾಂಕ್ ಎಲ್ಲಿತ್ತು, ಟ್ರಾನ್ಸ್‌ಫಾರ್ಮರ್ ಎಲ್ಲಿಟ್ಟಿದ್ದರು ಎಂದು ತಿಳಿಯದೆ ಸುಮ್ಮನೆ ನಾಲ್ಕು ಮೂಲೆಯ ಮಣ್ಣು ತೆಗೆದು ಪರೀಕ್ಷೆಗೆ ಕಳಿಸಿದರೆ ವರದಿ ಚೆನ್ನಾಗಿಯೇ ಬರುತ್ತದೆ. ವಿಷ ಐದನೆಯ ಕಡೆ ಇರುತ್ತದೆ.

ವಿಷ, ದಾರಿ, ಮನುಷ್ಯ

ಮಾಲಿನ್ಯದ ಅಪಾಯವನ್ನು ಅಳೆಯುವವರು ಮೂರು ಕೊಂಡಿಗಳ ಸರಪಳಿಯನ್ನು ನೋಡುತ್ತಾರೆ. ವಿಷ ಇರಬೇಕು, ಅದು ಸಾಗಲು ದಾರಿ ಇರಬೇಕು, ದಾರಿಯ ಕೊನೆಯಲ್ಲಿ ಅದು ತಾಗುವ ಜೀವ ಇರಬೇಕು. ಮೂರರಲ್ಲಿ ಯಾವುದೊಂದು ಕಳಚಿದರೂ ಅಪಾಯ ಕಳಚಿತು. ಬಾವಿಯೊಳಗೆ ಹಾವಿದ್ದರೆ ಹಾವನ್ನು ಹಿಡಿಯಬಹುದು, ಬಾವಿಯ ಬಾಯಿ ಮುಚ್ಚಬಹುದು, ಇಲ್ಲವೇ ಬೇರೆ ಕಡೆಯಿಂದ ನೀರು ತರಬಹುದು.

ಕೆಜಿಎಫ್‌ನಲ್ಲಿ ದಾರಿಗಳು ಕಣ್ಣಿಗೇ ಕಾಣುತ್ತವೆ. ಆಷಾಢದ ಗಾಳಿ ಬೀಸಿದರೆ ಪುಡಿ ಎದ್ದು ಮನೆಗಳ ಮೇಲೆ ಕೂರುತ್ತದೆ. ದೊಡ್ಡ ಮಳೆ ಬಂದರೆ ಗುಡ್ಡದ ಸೀಳುಗಳಲ್ಲಿ ಕೆಸರು ಇಳಿದು ಹಳ್ಳ, ಹೊಲ, ಕೆರೆ ಸೇರುತ್ತದೆ. ಮಕ್ಕಳು ಆಡುತ್ತಾರೆ, ಕೈ ಬಾಯಿಗೆ ಹೋಗುತ್ತದೆ. ಇದನ್ನು ಬಿಡಿಸಿ ನೋಡಿದಾಗ 3.3 ಕೋಟಿ ಟನ್ ಎಂಬ ಬೆಟ್ಟದಂಥ ಅಂಕಿ ಸ್ವಲ್ಪ ಸಣ್ಣದಾಗುತ್ತದೆ. ಅಷ್ಟೂ ಪುಡಿಯನ್ನು ಎತ್ತಿ ಸಾಗಿಸಲೇಬೇಕೆಂದಿಲ್ಲ. ಇಳಿಜಾರನ್ನು ತಗ್ಗಿಸಿ, ಮೇಲೆ ಒಳ್ಳೆ ಮಣ್ಣು ಹರಡಿ, ಬೇರು ಬಿಗಿಹಿಡಿಯುವ ಹುಲ್ಲು ಬೆಳೆಸಿದರೆ ಗಾಳಿಯ ದಾರಿ ಮುಚ್ಚುತ್ತದೆ. ಬುಡದ ಸುತ್ತ ಕಾಲುವೆ ತೆಗೆದು ಕೆಸರನ್ನು ತಡೆಹೊಂಡದಲ್ಲಿ ಹಿಡಿದರೆ ನೀರಿನ ದಾರಿ ಮುಚ್ಚುತ್ತದೆ. ಇದಕ್ಕೆ ದೊಡ್ಡ ವಿಜ್ಞಾನ ಬೇಡ. ವರ್ಷವರ್ಷವೂ ದುರಸ್ತಿ ಮಾಡುವ ಒಬ್ಬ ಯಜಮಾನ ಬೇಕು, ಅಷ್ಟೇ. ಅವನೇ ಸಿಗುತ್ತಿಲ್ಲ.

ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆಯೊಂದನ್ನು ಉದ್ಯಾನ ಮಾಡಿದವರು ಇದೇ ಲೆಕ್ಕಾಚಾರ ಹಿಡಿದರು. ತೀರಾ ಕೆಟ್ಟ ಮಣ್ಣನ್ನು ಊರಾಚೆಗೆ ಒಯ್ಯುವ ಬದಲು ಅದಿರು ತುಂಬುತ್ತಿದ್ದ ಹಳೆಯ ಕಾಂಕ್ರೀಟ್ ಬಂಕರುಗಳಲ್ಲಿ ಹಾಕಿ ಮುಚ್ಚಿದರು. ಗ್ಯಾಸ್ ಟ್ಯಾಂಕಿಗೆ ನೀರು ತುಂಬಿ ಮುಳುಗು ಈಜು ಕಲಿಯುವ ಜಾಗ ಮಾಡಿದರು. ಕುಲುಮೆಗಳನ್ನು ಕೆಡವಲಿಲ್ಲ, ಜನ ಹತ್ತಿ ಊರು ನೋಡಲಿ ಎಂದು ಬಿಟ್ಟರು. ಅಂದರೆ ವಿಷ ಇನ್ನೂ ಅಲ್ಲೇ ಇದೆ, ಹೊರಬರುವ ದಾರಿ ಮಾತ್ರ ಇಲ್ಲ. ನನಗೆ ಇದು ಪ್ರಾಮಾಣಿಕ ವಿಧಾನ ಅನ್ನಿಸುತ್ತದೆ. ಒಂದು ಕಡೆ ಅಗೆದು ಟಿಪ್ಪರಿಗೆ ತುಂಬಿ ಇನ್ನೊಂದು ಬಡ ಊರಿನ ಅಂಚಿಗೆ ಸುರಿದು ಬಂದು ಅದನ್ನು 'ಶುದ್ಧೀಕರಣ' ಎನ್ನುವುದಕ್ಕಿಂತ ವಾಸಿ.

ಎಷ್ಟು ಶುದ್ಧವಾದರೆ ಸಾಕು?

ಇಲ್ಲಿ ಜಗಳ ಶುರುವಾಗುತ್ತದೆ. ಮಣ್ಣಿನಿಂದ ಒಂದು ಲೋಹದ ಕೊನೆಯ ಕಣವನ್ನೂ ತೆಗೆಯುವುದು ಅಸಾಧ್ಯ. ಆ ಕೊನೆಯ ಕಣಗಳಿಗೆ ತಗಲುವ ಖರ್ಚು ಮೊದಲಿನ ಎಲ್ಲದಕ್ಕಿಂತ ಹೆಚ್ಚು. ಹಾಗಾಗಿ ಎಲ್ಲಾದರೂ ಗೆರೆ ಎಳೆಯಲೇಬೇಕು. ಗೆರೆ ಎಲ್ಲಿ ಬೀಳುತ್ತದೆ ಎಂಬುದು ಆ ನೆಲದಲ್ಲಿ ಏನು ಬರುತ್ತದೆ ಎಂಬುದರ ಮೇಲೆ. ಮಗು ತೆವಳುವ, ಸೊಪ್ಪು ಬೆಳೆಯುವ ಹಿತ್ತಲಿಗೆ ಒಂದು ಅಳತೆ. ಎಂಟು ಗಂಟೆ ಬೂಟು ಹಾಕಿಕೊಂಡು ಓಡಾಡುವ, ಕೆಳಗೆ ಕಾಂಕ್ರೀಟ್ ಇರುವ ಗೋದಾಮಿಗೆ ಇನ್ನೊಂದು.

ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಪ್ರಕರಣ ಪೂರ್ತಿ ಈ ಗೆರೆಯ ಮೇಲೇ ವರ್ಷಗಟ್ಟಲೆ ನಿಂತಿತ್ತು. ಕೆಜಿಎಫ್ ಮುಚ್ಚಿದ 2001ರಲ್ಲೇ ಅದೂ ಮುಚ್ಚಿತು. 2003ರಲ್ಲಿ ಪಾದರಸದ ತ್ಯಾಜ್ಯದ ಒಂದು ಭಾಗ ಹಡಗು ಹತ್ತಿ ಅಮೆರಿಕಕ್ಕೆ ವಾಪಸ್ ಹೋಯಿತು. ಆದರೆ ಅಲ್ಲೇ ಉಳಿದ ಮಣ್ಣನ್ನು ಎಷ್ಟರ ಮಟ್ಟಿಗೆ ಶುದ್ಧ ಮಾಡಬೇಕು? ಕೆಜಿ ಮಣ್ಣಿಗೆ 20 ಮಿಲಿಗ್ರಾಂ ಪಾದರಸ ಉಳಿದರೆ ಪರವಾಗಿಲ್ಲ ಎಂದು ಮಿತಿ ಹಾಕಿದರು. ಕೆಳಗೆ ಶೋಲಾ ಕಾಡು, ಹೊಳೆ ಇರುವ ಬೆಟ್ಟದ ನೆತ್ತಿಗೆ ಜನವಸತಿಯ ಮಣ್ಣಿನ ಮಿತಿ ಯಾಕೆ ಎಂದು ಹೋರಾಟಗಾರರು ಕೇಳಿದರು. ಪ್ರಶ್ನೆ ಸರಿಯಾದದ್ದೇ: ದಾರಿಯ ಕೊನೆಯಲ್ಲಿರುವ ಜೀವ ಮನುಷ್ಯನೇ ಆಗಿರಬೇಕಿಲ್ಲ, ಹೊಳೆಯ ಮೀನೂ ಆಗಿರಬಹುದು.

ಅದಕ್ಕೇ ಮೊದಲು ಬಳಕೆ ನಿರ್ಧಾರವಾಗಬೇಕು, ಆಮೇಲೆ ಶುದ್ಧೀಕರಣ. ನಮ್ಮಲ್ಲಿ ಸಾಮಾನ್ಯವಾಗಿ ಉಲ್ಟಾ. ಟೌನ್‌ಶಿಪ್ಪು, ಪಾರ್ಕು ಎಂದು ಪತ್ರಿಕೆಯಲ್ಲಿ ಘೋಷಣೆ ಬರುತ್ತದೆ, ಯಾವ ಸರ್ವೆ ನಂಬರಿನ ಮಣ್ಣಲ್ಲಿ ಏನಿದೆ ಎಂಬುದು ಕೊನೆಗೆ. ಕೆಜಿಎಫ್‌ಗೆ ಇನ್ನೊಂದು ತೊಡಕೂ ಇದೆ. ನೆಲದ ಕೆಳಗೆ ನೂರಿಪ್ಪತ್ತು ವರ್ಷ ಕೊರೆದ ಪೊಳ್ಳು. ಪಂಪು ನಿಂತ ಮೇಲೆ ಅದರೊಳಗೆ ನೀರು ತುಂಬಿತು. ಮೇಲಿನ ಮಣ್ಣು ಎಷ್ಟು ಶುದ್ಧವಾದರೂ, ಕೆಳಗಿನ ಸುರಂಗಗಳ ನಕ್ಷೆ ನೋಡದೆ ಐದು ಮಹಡಿ ಎಬ್ಬಿಸುವ ಹಾಗಿಲ್ಲ.

ಹಣದ ಲೆಕ್ಕ

ಒಂದು ಸರಳ ಲೆಕ್ಕ ಮಾಡೋಣ. ಅಂಕಿಗಳು ನಿಜವಲ್ಲ, ಅರ್ಥವಾಗಲಿ ಎಂದು ಹಾಕಿದ್ದು. ಮಲಿನ ಜಾಗವೊಂದನ್ನು ಶುದ್ಧ ಮಾಡಲು ಎಕರೆಗೆ 1 ಕೋಟಿ ರೂಪಾಯಿ ಬೇಕು. ಶುದ್ಧವಾದ ಮೇಲೆ ಅದು ಬೆಂಗಳೂರಿನ ನಡುವೆ ಇದ್ದರೆ 50 ಕೋಟಿಗೆ ಹೋಗುತ್ತದೆ. ಯಾವ ಬಿಲ್ಡರೂ ಕಣ್ಣುಮುಚ್ಚಿ ಶುದ್ಧ ಮಾಡಿಸುತ್ತಾನೆ, ಸರ್ಕಾರ ಪರೀಕ್ಷೆ ಸರಿಯಾಗಿ ಆಯಿತೇ ಎಂದು ಕಾವಲು ಕಾಯಬೇಕಷ್ಟೆ. ಅದೇ ಜಾಗ ಸೊರಗಿದ ಊರಿನಲ್ಲಿದ್ದು, ಶುದ್ಧವಾದ ಮೇಲೂ 60 ಲಕ್ಷಕ್ಕಷ್ಟೇ ಹೋಗುವುದಾದರೆ? ಯಾರೂ ಮುಟ್ಟುವುದಿಲ್ಲ. ಎರಡೂ ಕಡೆ ವಿಷ ಒಂದೇ. ವ್ಯತ್ಯಾಸ ಮಾಡಿದ್ದು ಸುತ್ತಲಿನ ಊರು. ಊರು ಸೊರಗಿದೆ ಎಂದು ಜಾಗ ಶುದ್ಧವಾಗುವುದಿಲ್ಲ, ಜಾಗ ಶುದ್ಧವಾಗಿಲ್ಲ ಎಂದು ಊರು ಮತ್ತೂ ಸೊರಗುತ್ತದೆ.

ಇದಕ್ಕೆ ಭಯವೂ ಸೇರಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕ ತೋರಿಸಿತು. ಮಲಿನ ಜಾಗಗಳನ್ನು ಶುದ್ಧ ಮಾಡಿಸಲು ಅಲ್ಲಿ 1980ರಲ್ಲಿ ಬಂದ ಸೂಪರ್‌ಫಂಡ್ ಕಾಯಿದೆ ಬಹಳ ಬಿಗಿ. ಹಿಂದೆಂದೋ ಕಾನೂನುಬದ್ಧವಾಗಿಯೇ ಸುರಿದಿದ್ದರೂ ಹೊಣೆ, ಹಲವರಲ್ಲಿ ಒಬ್ಬ ಸಿಕ್ಕರೂ ಪೂರ್ತಿ ಖರ್ಚು ಅವನಿಂದಲೇ ವಸೂಲು ಮಾಡಬಹುದು, ಹೊಸದಾಗಿ ಕೊಂಡವನೂ ಸಿಕ್ಕಿಕೊಳ್ಳಬಹುದು. ಉದ್ದೇಶ ನ್ಯಾಯವಾದದ್ದು, ಫಲ ಬೇರೆ. ಹಳೆಯ ಕಾರ್ಖಾನೆ ಜಾಗ ಎಂದರೆ ಬ್ಯಾಂಕುಗಳು ಕೈಮುಗಿದವು. ಉದ್ಯಮಗಳು ಊರಾಚೆಯ ಹೊಲಗಳಿಗೆ ಹೋದವು. ಊರ ನಡುವಿನ ಜಾಗ ಬೇಲಿ ಹಾಕಿಕೊಂಡು ಕೂತಿತು.

ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಆ ಗಂಟು ಬಿಡಿಸಿದ ಊರುಗಳಲ್ಲಿ ಒಂದು. ಗೋಲ್ಡನ್ ಗೇಟ್ ಸೇತುವೆಗೆ ಉಕ್ಕು ಕೊಟ್ಟ ಬೆತ್ಲೆಹೆಮ್ ಸ್ಟೀಲ್ 1995ರಲ್ಲಿ ಅಲ್ಲಿನ ಕುಲುಮೆ ಆರಿಸಿತು, 2001ರಲ್ಲಿ ದಿವಾಳಿ ಅರ್ಜಿ ಹಾಕಿತು. ಉಳಿದದ್ದು ಸುಮಾರು 1,800 ಎಕರೆ. ಅದೇ 1995ರಲ್ಲಿ ಆ ರಾಜ್ಯ ಒಂದು ಕಾಯಿದೆ ತಂದಿತ್ತು: ಶುದ್ಧೀಕರಣಕ್ಕೆ ಮೂರು ಬಗೆಯ ಮಾನದಂಡ ಕೊಡುತ್ತೇವೆ, ನಿಮ್ಮ ಬಳಕೆಗೆ ತಕ್ಕದ್ದನ್ನು ಆರಿಸಿಕೊಂಡು ಮುಟ್ಟಿ ತೋರಿಸಿ, ಮುಟ್ಟಿದರೆ ರಾಜ್ಯ ನಿಮ್ಮನ್ನು ಮುಂದಿನ ಹೊಣೆಯಿಂದ ಬಿಡುತ್ತದೆ. ಮಣ್ಣಿನ ವಿಷ ಇದರಿಂದ ಒಂದು ಗ್ರಾಂ ಕೂಡ ಕಡಿಮೆಯಾಗಲಿಲ್ಲ, ಆದರೆ ಸಾಲ ಕೊಡುವವನಿಗೆ ಹೆದರಿಕೆಯ ಗಡಿ ತಿಳಿಯಿತು. ಜೊತೆಗೆ ನಗರ, ಕೌಂಟಿ, ಶಾಲಾ ಮಂಡಳಿ ಸೇರಿ, ಆ ಜಾಗದಿಂದ ಮುಂದೆ ಬರುವ ಹೆಚ್ಚುವರಿ ತೆರಿಗೆಯನ್ನು ಅಲ್ಲಿನ ಕೆಲಸಕ್ಕೇ ಎಂದು ಎತ್ತಿಟ್ಟರು. ಗೋದಾಮುಗಳು ಬಂದವು, 2009ರಲ್ಲಿ ಕ್ಯಾಸಿನೋ ಬಂತು, 2011ರಲ್ಲಿ ಕುಲುಮೆಗಳ ಬುಡದಲ್ಲೇ ಸಂಗೀತ ಕಛೇರಿಗಳ ರಂಗಸ್ಥಳ ತೆರೆಯಿತು. ಉಕ್ಕಿನ ಕೆಲಸದವನಿಗೆ ಜೂಜುಕಟ್ಟೆಯ ಕೆಲಸ ಸಮವೇ ಎಂದು ಕೇಳಿದರೆ ಅಲ್ಲ. ಆದರೂ ಬೇಲಿ ಬಿಚ್ಚಿತು.

ವಾರಸುದಾರ ಯಾರು?

ಮಲಿನ ಮಾಡಿದವನೇ ತೆರಬೇಕು ಎಂಬ ತತ್ವ ಭಾರತದಲ್ಲಿ ಹೊಸದಲ್ಲ. ರಾಜಸ್ಥಾನದ ಬಿಛ್ರಿ ಎಂಬ ಹಳ್ಳಿಯ ಬಾವಿಗಳ ನೀರನ್ನು ರಾಸಾಯನಿಕ ಕಾರ್ಖಾನೆಗಳು ಕೆಡಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಅದನ್ನು ಖಡಾಖಂಡಿತವಾಗಿ ಹೇಳಿತು. ತೀರ್ಪಿನ ಹಣದ ಸುತ್ತ 2011ರಲ್ಲೂ ಅದೇ ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿತ್ತು ಎಂಬುದು ಕಥೆಯ ಇನ್ನರ್ಧ.

ಕೆಜಿಎಫ್‌ನಲ್ಲಿ ಮಲಿನ ಮಾಡಿದವರು ಯಾರು? 1880ರಿಂದ 1956ರವರೆಗೆ ಬ್ರಿಟಿಷ್ ಕಂಪನಿಗಳು. ಅವರದು ಉಂಡೂ ಹೋದ, ಕೊಂಡೂ ಹೋದ ಲೆಕ್ಕ. ಆಮೇಲೆ ಮೈಸೂರು ರಾಜ್ಯ ಸರ್ಕಾರ. 1962ರಿಂದ ಕೇಂದ್ರ ಸರ್ಕಾರ, 1972ರಿಂದ ಅದರದೇ ಸಂಸ್ಥೆ ಭಾರತ್ ಗೋಲ್ಡ್ ಮೈನ್ಸ್ (ಬಿಜಿಎಂಎಲ್). ಅಂದರೆ ಬಿಲ್ಲು ಕೊನೆಗೆ ಬರುವುದು ಸರ್ಕಾರದ ಮನೆಬಾಗಿಲಿಗೇ. ಸರ್ಕಾರ ಸರ್ಕಾರಕ್ಕೆ ನೋಟಿಸ್ ಕೊಟ್ಟು ವಸೂಲು ಮಾಡಿದ್ದನ್ನು ಕಂಡವರು ಕಡಿಮೆ.

ಕಾನೂನಿನ ಕ್ಯಾಲೆಂಡರು ಕೂಡ ಈ ಊರಿಗೆ ಒಲಿಯಲಿಲ್ಲ. ಗಣಿ ಮುಚ್ಚುವವರು ನೆಲವನ್ನು ಹೇಗೆ ಸರಿಪಡಿಸಿ ಹೋಗುತ್ತಾರೆಂಬ ಯೋಜನೆ ಕೊಡಲೇಬೇಕು, ಅದಕ್ಕೆ ಹಣದ ಖಾತ್ರಿಯನ್ನೂ ಇಡಬೇಕು ಎಂಬ ನಿಯಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೆಜಿಎಫ್ ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನ ಜಾಗಗಳ ನಿರ್ವಹಣೆಗೆಂದೇ ನಿಯಮಾವಳಿ ಹೊರಡಿಸಿತು. ಗುರುತಿಸುವುದು, ಪರೀಕ್ಷಿಸುವುದು, ಹೊಣೆಗಾರರನ್ನು ಹುಡುಕಿ ಖರ್ಚು ಹೊರಿಸುವುದು ಎಲ್ಲಕ್ಕೂ ಅದರಲ್ಲಿ ದಾರಿಯಿದೆ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯಕ್ಕೆ ಬೇರೆ ಕಾನೂನುಗಳಿವೆ ಎಂದು ಅದನ್ನು ಸಾಮಾನ್ಯವಾಗಿ ಹೊರಗಿಟ್ಟಿದ್ದಾರೆ. ಬೇರೆ ರಾಸಾಯನಿಕ ಬೆರೆತು ಮಿತಿ ಮೀರಿದ್ದರೆ ಮಾತ್ರ ಒಳಗೆ ಬರಬಹುದು. ಹಳೆಯ ನಿಯಮಕ್ಕೆ ಬೇಗ ಮುಚ್ಚಿದ ಗಣಿ, ಹೊಸ ನಿಯಮಕ್ಕೆ ಗಣಿ ಎಂಬ ಕಾರಣಕ್ಕೇ ಹೊರಗು.

ಗುಡ್ಡದೊಳಗಿನ ಚಿನ್ನ

ಹೀಗಿದ್ದೂ ಕೆಜಿಎಫ್‌ಗೆ ಬೇರೆ ಮಲಿನ ಊರುಗಳಿಗಿಲ್ಲದ ಒಂದು ಅದೃಷ್ಟವಿದೆ. ಅಂದಿನ ಗಿರಣಿಗಳ ಕೈತಪ್ಪಿದ ಚಿನ್ನ ಗುಡ್ಡದಲ್ಲೇ ಉಳಿದಿದೆ. ಟನ್ನಿಗೆ ಒಂದು ಗ್ರಾಂಗೂ ಕಡಿಮೆ, ಆದರೆ ಕಲ್ಲನ್ನು ಅರೆದಾಗಿದೆ, ಮೇಲೆ ತಂದಾಗಿದೆ. ಚಿನ್ನದ ಬೆಲೆ ಈಗಿನಷ್ಟು ಏರಿದಾಗ ಇದು ಲಾಭದ ಮಾತು. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ 13 ಗುಡ್ಡಗಳಿರುವ ಸುಮಾರು 1,003 ಎಕರೆಯಲ್ಲಿ ಹೀಗೆ ಮರುಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು.

ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ ಊರು ಜೋಹಾನ್ಸ್‌ಬರ್ಗ್. ಅಲ್ಲಿ 1970ರ ದಶಕದಿಂದ ಹಳೆಯ ಗುಡ್ಡಗಳಿಗೆ ಜೋರಾಗಿ ನೀರು ಚಿಮ್ಮಿಸಿ ಕೆಸರು ಮಾಡಿ, ಪೈಪಿನಲ್ಲಿ ದೂರದ ಘಟಕಕ್ಕೆ ಹರಿಸಿ, ಚಿನ್ನ ತೆಗೆದು, ಮಿಕ್ಕ ಕೆಸರನ್ನು ಊರಾಚೆಯ ಒಂದೇ ದೊಡ್ಡ ಕಟ್ಟೆಯಲ್ಲಿ ತುಂಬುತ್ತಿದ್ದಾರೆ. ನೆತ್ತಿಯ ಮೇಲೆ ಡ್ರೈವ್-ಇನ್ ಸಿನಿಮಾ ಇದ್ದ ಗುಡ್ಡವೂ ಹಾಗೇ ಕರಗಿತು.

ಆದರೆ ಮರುಗಣಿಗಾರಿಕೆಯೇ ಶುದ್ಧೀಕರಣ ಎಂದುಕೊಂಡರೆ ಕೆಟ್ಟೆವು. 3.3 ಕೋಟಿ ಟನ್ನಿನಿಂದ ಚಿನ್ನ ತೆಗೆದರೂ 3.3 ಕೋಟಿ ಟನ್ ಉಳಿಯುತ್ತದೆ, ಅದೂ ಎರಡನೇ ಸಲ ಸಯನೈಡ್ ಕುಡಿದು. ಅದು ಎಲ್ಲಿ ಹೋಗುತ್ತದೆ, ಕೆಳಗೆ ನೀರು ಇಳಿಯದ ಹಾಸು ಇರುತ್ತದೆಯೇ, ಖಾಲಿಯಾದ ನೆಲದ ಮಣ್ಣನ್ನು ಯಾವ ಬಳಕೆಯ ಮಟ್ಟಕ್ಕೆ ಶುದ್ಧ ಮಾಡಿ ಯಾರ ಕೈಗೆ ಒಪ್ಪಿಸಬೇಕು, ಚಿನ್ನದ ಬೆಲೆ ಬಿದ್ದು ಕಂಪನಿ ಅರ್ಧ ಗುಡ್ಡ ಬಗೆದು ಓಡಿಹೋದರೆ ತಡೆಯಲು ಎಷ್ಟು ಠೇವಣಿ ಇದೆ? ಒಪ್ಪಂದದಲ್ಲಿ ಬರೆಯದ ಕೆಲಸವನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಟೆಂಡರಿನ ಆ ಪುಟಗಳನ್ನು ಓದಲು ಕೆಜಿಎಫ್‌ನ ನಗರಸಭೆಗೆ ತನ್ನದೇ ತಜ್ಞರು ಬೇಕು.

ವಿಧಾನವೂ ಮುಖ್ಯ. ಜೋಹಾನ್ಸ್‌ಬರ್ಗ್ ಒದ್ದೆ ಮಾಡಿ ತೆಗೆದಿದ್ದರಿಂದ ಧೂಳು ಹತೋಟಿಯಲ್ಲಿತ್ತು. ಕೋಲಾರದಲ್ಲಿ ನೀರೆಲ್ಲಿದೆ? ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ 2018ರಿಂದ ಈ ಜಿಲ್ಲೆಯ ಕೆರೆ ತುಂಬಿಸುತ್ತಿರುವ ಕಾಲ ಇದು. ಗಣಿಯೊಳಗೆ ತುಂಬಿರುವ ನೀರನ್ನೇ ಪರೀಕ್ಷಿಸಿ ಬಳಸಬಹುದೇ ಎಂದು ನೋಡಬೇಕು. ಅದು ಬಿಟ್ಟು ಒಣಪುಡಿಯನ್ನೇ ಜೆಸಿಬಿಯಲ್ಲಿ ಬಗೆದು ಟಿಪ್ಪರಿನಲ್ಲಿ ಸಾಗಿಸಿದರೆ, ಗುಡ್ಡ ನಲವತ್ತು ವರ್ಷದಲ್ಲಿ ಹಾರಿಸುತ್ತಿದ್ದ ಧೂಳನ್ನು ನಾಲ್ಕೇ ವರ್ಷದಲ್ಲಿ ರಾಬರ್ಟ್‌ಸನ್‌ಪೇಟೆಗೆ, ಆಂಡರ್ಸನ್‌ಪೇಟೆಗೆ ಉಣಿಸಿದ ಹಾಗಾಗುತ್ತದೆ.

ಎಲ್ಲ ಸರಿಹೋಯಿತು, ಗುಡ್ಡ ಹೋಯಿತು, ನೆಲ ಶುದ್ಧವಾಯಿತು ಎಂದಿಟ್ಟುಕೊಂಡರೂ ಇನ್ನೊಂದು ವಿಷಯ ಉಳಿಯುತ್ತದೆ. ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ 2001ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯ ಜಾಗವನ್ನು ಅಗೆದು 24 ಹೆಕ್ಟೇರಿನ ಕೆರೆ ಮಾಡಿದರು. 2010ರಲ್ಲಿ ನೀರು ಬಿಡಲು ಶುರು ಮಾಡಿದರು. ಕೆರೆ ಚೆನ್ನಾಗಿದೆ. ದಡದಲ್ಲಿ ಬಂಗಲೆಗಳು ಎದ್ದವು, ಸುತ್ತಲಿನ ಬಾಡಿಗೆ ಏರಿತು, ಹಿಂದೆ ಅದೇ ಕುಲುಮೆಯಲ್ಲಿ ಬೆವರಿದವರಿಗೆ ಆ ಬಡಾವಣೆ ದುಬಾರಿಯಾಯಿತು. ಕೆಜಿಎಫ್‌ನಲ್ಲಿ ಮಾಜಿ ಕಾರ್ಮಿಕರ ಕುಟುಂಬಗಳು ಇಂದಿಗೂ ಕಂಪನಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿವೆ. ಇವರಲ್ಲಿ ಬಹಳ ಮಂದಿ ಆರ್ಕಾಟ್ ಸೀಮೆಯಿಂದ ಬಂದ ತಮಿಳು ಮಾತಿನ ದಲಿತ ಕುಟುಂಬಗಳ ಮೂರನೇ ನಾಲ್ಕನೇ ತಲೆಮಾರು. ಧೂಳು ಕುಡಿದವರು ಇವರು. ಈಗ ಆ ನೆಲಕ್ಕೆ ಬೆಲೆಯಿಲ್ಲ, ಹಾಗಾಗಿ ಹಕ್ಕುಪತ್ರ ಬರೆದುಕೊಡುವುದು ಸುಲಭ. ಗುಡ್ಡ ಕರಗಿ ಎಕರೆಯ ರೇಟು ಏರಿದ ಮೇಲೆ ಅದೇ ಕಾಗದಕ್ಕೆ ಸಹಿ ಹಾಕಲು ಯಾವ ಅಧಿಕಾರಿಯ ಕೈಯೂ ಅಷ್ಟು ಸಲೀಸಾಗಿ ಏಳುವುದಿಲ್ಲ.